ಪಟ್ಟಂದೂರಿನ ತಂಪಿಗೆ ಶರಾವತಿ ಕಣಿವೆ ಏಕೆ?

ಸಂಜೆ ಆರೂವರೆ ದಾಟಿತೆಂದರೆ ಪಾವಗಡದ ಸೌರಫಲಕಗಳ ದಿನದ ದುಡಿಮೆ ಮುಗಿಯಿತು. ಅದೇ ಹೊತ್ತಿಗೆ ಬೆಂಗಳೂರಿನ ಪಟ್ಟಂದೂರು ಅಗ್ರಹಾರದಲ್ಲಿ ಅಮೆರಿಕದ ಗಡಿಯಾರ ನೋಡಿ ಕೆಲಸ ಮಾಡುವವರ ಪಾಳಿ ಶುರುವಾಗುತ್ತದೆ. ಟೆಕ್ ಪಾರ್ಕ್‌ಗಳ ಗೇಟಿನಲ್ಲಿ ಕ್ಯಾಬ್‌ಗಳು ಸಾಲುಗಟ್ಟುತ್ತವೆ. ಮಧ್ಯಾಹ್ನವಿಡೀ ಪಡುವಣದ ಬಿಸಿಲು ಹೀರಿದ ಗಾಜಿನ ಗೋಡೆಗಳು ಇನ್ನೂ ಬೆಚ್ಚಗಿರುತ್ತವೆ. ತಾರಸಿಯ ಮೇಲಿನ ಕೂಲಿಂಗ್ ಟವರ್‌ಗಳು ಒಳಗಿನ ಬಿಸಿಯನ್ನು ಆಕಾಶಕ್ಕೆ ಊದುತ್ತಲೇ ಇರುತ್ತವೆ. ಇಂಥ ಕಟ್ಟಡವೊಂದರ ಪ್ರವೇಶದ್ವಾರದಲ್ಲಿ ‘ಹಸಿರು ವಿದ್ಯುತ್ತಿನಿಂದ ನಡೆಯುತ್ತಿದೆ’ ಎಂಬ ಫಲಕ ಇದ್ದರೆ ಅದನ್ನು ಸುಳ್ಳೆನ್ನಲಾಗದು. ವರ್ಷದ ಕೊನೆಗೆ ಕೂಡಿ ಕಳೆದು ನೋಡಿದರೆ ಕಟ್ಟಡ ಬಳಸಿದಷ್ಟು ಯೂನಿಟ್ಟನ್ನು ಎಲ್ಲೋ ಒಂದು ಸೌರ ಘಟಕ ಉತ್ಪಾದಿಸಿಯೇ ಇರುತ್ತದೆ. ಆದರೆ ಸಂಜೆ ಏಳು ಗಂಟೆಗೆ ಆ ಕಟ್ಟಡದ ಚಿಲ್ಲರ್ (ತಂಪಿಗೆ ಬೇಕಾದ ನೀರನ್ನು ತಣ್ಣಗಾಗಿಸುವ ಯಂತ್ರ) ಓಡುವುದು ರಾಯಚೂರಿನ ಕಲ್ಲಿದ್ದಲಿನಿಂದ, ಶರಾವತಿಯ ನೀರಿನಿಂದ, ಗಾಳಿ ಬೀಸುವ ತಿಂಗಳಾದರೆ ಒಂದಿಷ್ಟು ಪವನ ವಿದ್ಯುತ್ತಿನಿಂದ, ಅದೂ ಸಾಲದಿದ್ದರೆ ವಿದ್ಯುತ್ ವಿತರಣಾ ಕಂಪನಿಗಳು (ಎಸ್ಕಾಂ) ಹೊರಗಿನಿಂದ ಕೊಂಡು ತಂದದ್ದರಿಂದ. ವಾಣಿಜ್ಯ ಕಟ್ಟಡಗಳ ಹಸಿರು ಇಂಧನದ ಚರ್ಚೆ ನಮ್ಮಲ್ಲಿ ‘ಎಷ್ಟು ಯೂನಿಟ್’ ಎಂಬಲ್ಲಿಗೆ ನಿಂತುಬಿಟ್ಟಿದೆ. ‘ಯಾವ ಹೊತ್ತಿನ ಯೂನಿಟ್’ ಎಂದು ಕೇಳಿದರೆ ಚಿತ್ರ ಬದಲಾಗುತ್ತದೆ. ಹಗಲಿನ ಬಿಸಿಲನ್ನು ತಂಪಾಗಿ ಮಾರ್ಪಡಿಸಿ ತನ್ನ ಆವರಣದಲ್ಲೇ ಕೂಡಿಡಬಲ್ಲ ಕಟ್ಟಡ ಹಾಗೆ ಮಾಡದಿದ್ದರೆ, ಕೂಡಿಡುವ ಹೊರೆಯನ್ನು ಅದು ಬೇರೆ ಯಾರದೋ ನೆಲದ ಮೇಲೆ ಹೊರಿಸುತ್ತಿದೆ ಎಂದೇ ಅರ್ಥ.

ಬೆಂಗಳೂರಿಗೆ ಈ ಸಮಸ್ಯೆ ಬಂದದ್ದೇ ಒಂದು ವಿಚಿತ್ರ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಊರು. ಅತಿ ಬಿಸಿಯ ಏಪ್ರಿಲ್‌ನಲ್ಲೂ ಸರಾಸರಿ ಗರಿಷ್ಠ ಉಷ್ಣಾಂಶ 34 ಡಿಗ್ರಿ ಆಸುಪಾಸು. ವರ್ಷದ ಬಹುಪಾಲು ರಾತ್ರಿಗಳಲ್ಲಿ ಕಿಟಕಿ ತೆರೆದರೆ ಸಾಕು. ದೇಶದ ಮಹಾನಗರಗಳಲ್ಲಿ ಹವಾನಿಯಂತ್ರಣದ ಅಗತ್ಯ ಅತಿ ಕಡಿಮೆ ಇರುವುದು ಇಲ್ಲಿ. ಆದರೂ 1990ರ ದಶಕದಲ್ಲಿ ಕರ್ನಾಟಕ ಸರ್ಕಾರ, ಟಾಟಾ ಸಮೂಹ ಮತ್ತು ಸಿಂಗಪುರದ ಕಂಪನಿಗಳು ಕೂಡಿ ಪಟ್ಟಂದೂರು ಅಗ್ರಹಾರದ ಮಗ್ಗುಲಲ್ಲಿ ಐಟಿಪಿಎಲ್ ಟೆಕ್ ಪಾರ್ಕ್ ಕಟ್ಟಿದಾಗ, ಹೊರಗಿನ ಬೆಂಗಳೂರನ್ನು ಹೊರಗೇ ಇಡುವುದು ಅದರ ಆಕರ್ಷಣೆಯಾಗಿತ್ತು. ತನ್ನದೇ ವಿದ್ಯುತ್ ಉತ್ಪಾದನೆ, ತನ್ನದೇ ನೀರಿನ ವ್ಯವಸ್ಥೆ, ಮುಚ್ಚಿದ ಕಿಟಕಿ, ಸದಾ ಒಂದೇ ಉಷ್ಣಾಂಶ. ಆಗಿನ ಕರೆಂಟು ಕಡಿತದ ಊರಿನಲ್ಲಿ ಅದು ಅರ್ಥವಾಗುವ ಆಯ್ಕೆಯೇ. ಮುಂದೆ ವೈಟ್‌ಫೀಲ್ಡ್‌ನಿಂದ ಹೊರವರ್ತುಲ ರಸ್ತೆಯವರೆಗೆ ಎದ್ದ ನೂರಾರು ಕಟ್ಟಡಗಳು ಆ ಮಾದರಿಯ ಅಗತ್ಯವನ್ನು ಬಿಟ್ಟು ಅದರ ಗಾಜನ್ನು ಮಾತ್ರ ನಕಲು ಮಾಡಿದವು. 2023ರ ಮಾರ್ಚ್‌ನಿಂದ ನೇರಳೆ ಮಾರ್ಗದ ಮೆಟ್ರೊ ಈ ದಾರಿಯಲ್ಲಿ ಓಡುತ್ತಿದೆ; ಮಧ್ಯಾಹ್ನ ನಾಲ್ಕರ ಸುಮಾರಿಗೆ ಆ ಎತ್ತರದಿಂದ ನೋಡಿದರೆ ಎಷ್ಟು ಕಟ್ಟಡಗಳು ಪಶ್ಚಿಮಕ್ಕೆ ಮುಖಮಾಡಿ, ಒಂದು ಗೇಣು ನೆರಳಿನ ಚಾಚೂ ಇಲ್ಲದೆ ನಿಂತಿವೆ ಎಂಬುದು ಕಣ್ಣಿಗೇ ಕಾಣುತ್ತದೆ. ಹವಾನಿಯಂತ್ರಿತ ಕಚೇರಿಯೊಂದರ ವಿದ್ಯುತ್ತಿನಲ್ಲಿ ಶೇ 40ಕ್ಕೂ ಹೆಚ್ಚು ತಂಪಿಗೇ ಹೋಗುವುದು ಸಾಮಾನ್ಯ. ಊರಿನ ಹವೆ ಅದನ್ನು ಬೇಡಿರಲಿಲ್ಲ, ಗೋಡೆ ಬೇಡಿತು.

ಹಸಿರು ವಿದ್ಯುತ್ತಿನ ಕೊರತೆ ಕರ್ನಾಟಕಕ್ಕೆ ಇಲ್ಲ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್ ಇದೆ. ರೈತರು ಭೂಮಿ ಮಾರದೆ ಗುತ್ತಿಗೆಗೆ ಕೊಟ್ಟ ಮಾದರಿ ಅದು. ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳಿವೆ. ಐಟಿ ಕಂಪನಿಗಳು ಇಂಥ ಖಾಸಗಿ ಘಟಕಗಳಿಂದ ಮುಕ್ತ ಪ್ರವೇಶದ ಮೂಲಕ ನೇರವಾಗಿ ವಿದ್ಯುತ್ ಕೊಳ್ಳುತ್ತವೆ. ಇಲ್ಲಿ ‘ಬ್ಯಾಂಕಿಂಗ್’ ಎಂಬ ಏರ್ಪಾಡು ಇದೆ: ಮಧ್ಯಾಹ್ನ ಘಟಕ ಉತ್ಪಾದಿಸಿ ಕಂಪನಿ ಬಳಸದೆ ಉಳಿದ ಯೂನಿಟ್ಟನ್ನು ಗ್ರಿಡ್‌ನಲ್ಲಿ ಜಮಾ ಮಾಡುವುದು, ಬೇಕಾದಾಗ ಹಿಂಪಡೆಯುವುದು. ಹೆಸರು ಬ್ಯಾಂಕಿಂಗ್ ಆದರೂ ಗ್ರಿಡ್‌ಗೆ ತಿಜೋರಿ ಇಲ್ಲ. ಜಮಾ ಆದದ್ದು ಆ ಕ್ಷಣವೇ ಖರ್ಚಾಗಬೇಕು. ಹಿಂಪಡೆಯುವ ಹೊತ್ತಿಗೆ ಎಸ್ಕಾಂ ಬೇರೆಲ್ಲಿಂದಲೋ ಹೊಸದಾಗಿ ತಂದುಕೊಡಬೇಕು, ಅದೂ ಸಂಜೆಯ ದುಬಾರಿ ದರಕ್ಕೆ. ವರ್ಷವಿಡೀ ಬ್ಯಾಂಕಿಂಗ್ ಮಾಡಬಹುದೇ, ತಿಂಗಳೊಳಗೇ ಮುಗಿಸಬೇಕೇ, ಅದಕ್ಕೆ ಶುಲ್ಕವೆಷ್ಟು ಎಂಬ ಜಗಳ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಮುಂದೆ, ನ್ಯಾಯಾಲಯಗಳ ಮುಂದೆ ವರ್ಷಗಳಿಂದ ನಡೆದಿದೆ. ಕೇಂದ್ರ ಸರ್ಕಾರ 2022ರಲ್ಲಿ ತಂದ ಹಸಿರು ಮುಕ್ತ ಪ್ರವೇಶ ನಿಯಮಗಳನ್ನೂ ಅವುಗಳನ್ನು ಆಧರಿಸಿದ ಆಯೋಗದ ನಿಯಮಾವಳಿಯನ್ನೂ ಹೈಕೋರ್ಟ್‌ನ ಏಕಸದಸ್ಯ ಪೀಠ 2024ರ ಡಿಸೆಂಬರ್‌ನಲ್ಲಿ ರದ್ದುಪಡಿಸಿತು. ಕಾನೂನಿನ ಸರಿತಪ್ಪು ಏನೇ ಇರಲಿ, ಜಗಳದ ತಿರುಳು ಕಾನೂನಿನದಲ್ಲ. ಮಧ್ಯಾಹ್ನದ ಯೂನಿಟ್ಟೂ ಸಂಜೆಯ ಯೂನಿಟ್ಟೂ ಒಂದೇ ಎಂದು ಕಾಗದ ಹೇಳುತ್ತದೆ. ತಂತಿಯಲ್ಲಿ ಅವು ಒಂದೇ ಅಲ್ಲ.

ಈ ವ್ಯತ್ಯಾಸದ ಬೆಲೆ ಎಲ್ಲಿ ಬೀಳುತ್ತದೆ ಎಂದು ನೋಡಲು ಮಲೆನಾಡಿಗೆ ಹೋಗಬೇಕು. ಶರಾವತಿ ಕಣಿವೆಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಕರ್ನಾಟಕ ವಿದ್ಯುತ್ ನಿಗಮ ಕೈಗೆತ್ತಿಕೊಂಡಿದೆ. ಮಧ್ಯಾಹ್ನ ಅಗ್ಗದ ಸೌರ ವಿದ್ಯುತ್ತಿನಿಂದ ನೀರನ್ನು ಮೇಲಕ್ಕೆತ್ತುವುದು, ಸಂಜೆ ಕೆಳಗೆ ಬಿಟ್ಟು ವಿದ್ಯುತ್ ಪಡೆಯುವುದು. ನೂರು ಯೂನಿಟ್ ಹಾಕಿದರೆ 75ರಿಂದ 80 ಯೂನಿಟ್ ವಾಪಸ್ ಸಿಗುವ ಈ ತಂತ್ರದಲ್ಲಿ ತಾಂತ್ರಿಕವಾಗಿ ದೋಷವಿಲ್ಲ. ದೋಷವಿರುವುದು ಜಾಗದಲ್ಲಿ. ಅದು ಸಿಂಗಳೀಕಗಳಿಗಾಗಿ ಘೋಷಿಸಿದ ಅಭಯಾರಣ್ಯ. 1960ರ ದಶಕದಲ್ಲಿ ಲಿಂಗನಮಕ್ಕಿ ಜಲಾಶಯಕ್ಕೆ ಮನೆ, ಗದ್ದೆ ಕೊಟ್ಟ ಮುಳುಗಡೆ ಸಂತ್ರಸ್ತರಲ್ಲಿ ಅನೇಕ ಕುಟುಂಬಗಳು ಇಂದಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿರುವ ಜಿಲ್ಲೆ ಅದು. ಅದೇ ನದಿಯನ್ನು ಇನ್ನೊಮ್ಮೆ ಕೇಳಲು ಹೊರಟಾಗ ಶಿವಮೊಗ್ಗ, ಉತ್ತರ ಕನ್ನಡದ ಜನ ಬೀದಿಗಿಳಿದದ್ದರಲ್ಲಿ ಆಶ್ಚರ್ಯವಿಲ್ಲ. ಯೋಜನೆಯ ಪರ ಇರುವವರು ಹಸಿರು ಇಂಧನಕ್ಕೆ ಸಂಗ್ರಹಾಗಾರ ಬೇಕೇ ಬೇಕು ಎನ್ನುತ್ತಾರೆ. ಬೇಕು, ನಿಜ. ಆದರೆ ಸಂಜೆಯ ಬೇಡಿಕೆಯಲ್ಲಿ ಎಷ್ಟು ಭಾಗ ವಿದ್ಯುತ್ತಾಗಿಯೇ ಬರಬೇಕು, ಎಷ್ಟು ಭಾಗ ಬರೀ ತಂಪಾಗಿ ಬಂದರೆ ಸಾಕು ಎಂದು ಯಾರೂ ಬಿಡಿಸಿ ಕೇಳಿಲ್ಲ. ದೀಪಕ್ಕೆ, ಕಂಪ್ಯೂಟರಿಗೆ, ಮನೆಯ ಮಿಕ್ಸಿಗೆ ವಿದ್ಯುತ್ತೇ ಬೇಕು. ಕಚೇರಿಯ ತಂಪಿಗೆ ಸಂಜೆ ಏಳಕ್ಕೆ ಬೇಕಾಗಿರುವುದು ಏಳು ಡಿಗ್ರಿಯ ನೀರು. ಆ ನೀರನ್ನು ಮಧ್ಯಾಹ್ನ ಒಂದಕ್ಕೇ ಮಾಡಿಡಬಹುದು.

ಲೆಕ್ಕ ಕಷ್ಟದ್ದಲ್ಲ. ಹತ್ತು ಮೀಟರ್ ಉದ್ದ, ಅಷ್ಟೇ ಅಗಲ, ಅಷ್ಟೇ ಆಳದ ಒಂದು ಟ್ಯಾಂಕ್ ತೆಗೆದುಕೊಳ್ಳೋಣ. ಅದರಲ್ಲಿ ಹತ್ತು ಲಕ್ಷ ಲೀಟರ್ ನೀರು ಹಿಡಿಯುತ್ತದೆ. ಚಿಲ್ಲರ್‌ನಿಂದ ಹೊರಡುವ ನೀರಿಗೂ ಕಟ್ಟಡ ಸುತ್ತಿ ಮರಳುವ ನೀರಿಗೂ ಏಳು ಡಿಗ್ರಿ ವ್ಯತ್ಯಾಸ ಇದೆಯೆಂದರೆ ಆ ಟ್ಯಾಂಕು ಸುಮಾರು 8,100 ಯೂನಿಟ್‌ನಷ್ಟು ಶಾಖವನ್ನು ಹೀರಬಲ್ಲದು. ಹವಾನಿಯಂತ್ರಣದವರ ಭಾಷೆಯಲ್ಲಿ ಹೇಳಿದರೆ 2,300 ಟನ್-ಗಂಟೆ. ಅಂದರೆ 575 ಟನ್ ತಂಪನ್ನು ಸತತ ನಾಲ್ಕು ಗಂಟೆ ಕೊಡಬಹುದು. ಸುಮಾರು ಎರಡು ಲಕ್ಷ ಚದರ ಅಡಿಯ ಕಚೇರಿಗೆ ಸಂಜೆ ಆರರಿಂದ ಹತ್ತರವರೆಗೆ ಅದು ಸಾಕು. ಆ ನಾಲ್ಕು ಗಂಟೆ ಚಿಲ್ಲರ್ ನಿಂತಿರುತ್ತದೆ, ಪಂಪು ಮತ್ತು ಗಾಳಿ ಊದುವ ಫ್ಯಾನು ಮಾತ್ರ ಓಡುತ್ತವೆ. ಒಳ್ಳೆಯ ಚಿಲ್ಲರ್ ಘಟಕವಾದರೆ ಇಷ್ಟು ತಂಪಿಗೆ ಸುಮಾರು 1,600 ಯೂನಿಟ್ ವಿದ್ಯುತ್ ಬೇಕಿತ್ತು; ಅದರ ಬಹುಪಾಲನ್ನು ಸಂಜೆಯ ಬದಲು ಸೂರ್ಯ ನೆತ್ತಿಯ ಮೇಲಿದ್ದಾಗ ಬಳಸಿದಂತಾಯಿತು. ಟ್ಯಾಂಕಿಗೆ ಜಾಗವಿಲ್ಲದಿದ್ದರೆ ಮಂಜುಗಡ್ಡೆ ಮಾಡಿಡಬಹುದು. ಒಂದು ಕಿಲೊ ಮಂಜು ಕರಗುವಾಗ ಹೀರುವ ಶಾಖ, ಒಂದು ಕಿಲೊ ನೀರು ಏಳು ಡಿಗ್ರಿ ಕಾಯುವಾಗ ಹೀರುವುದಕ್ಕಿಂತ ಹತ್ತು ಪಟ್ಟು ಮೀರಿದ್ದು. ಆದರೆ ಮಂಜು ಮಾಡಲು ಚಿಲ್ಲರ್ ಹೆಚ್ಚು ತಿಣುಕಬೇಕು, ವಿದ್ಯುತ್ತೂ ಹೆಚ್ಚು ಬೇಕು. ಹಾಗಾಗಿ ಜಾಗ ಇರುವವರಿಗೆ ನೀರು, ಇಲ್ಲದವರಿಗೆ ಮಂಜು. ಇದರಲ್ಲಿ ಪ್ರಯೋಗಾಲಯದಿಂದ ಬರಬೇಕಾದ್ದು ಏನೂ ಇಲ್ಲ. ಗುಜರಾತಿನ ಗಿಫ್ಟ್ ಸಿಟಿಯಲ್ಲಿ ಹಲವು ಕಟ್ಟಡಗಳಿಗೆ ಒಂದೇ ಕೇಂದ್ರದಿಂದ ತಣ್ಣೀರು ಹರಿಸುವ ವ್ಯವಸ್ಥೆ ವರ್ಷಗಳಿಂದ ನಡೆಯುತ್ತಿದೆ. ಒಂದೇ ಕಾಂಪೌಂಡಿನಲ್ಲಿ ಹತ್ತಾರು ಕಟ್ಟಡ ಇರುವ ನಮ್ಮ ಟೆಕ್ ಪಾರ್ಕ್‌ಗಳಿಗೆ ಅದಕ್ಕಿಂತ ಅನುಕೂಲದ ಜಾಗ ಬೇರೆ ಸಿಗಲಾರದು.

ಇಲ್ಲಿ ಒಂದು ಆಕ್ಷೇಪ ತಕ್ಷಣ ಬರುತ್ತದೆ, ಅದು ತೂಕದ್ದೂ ಹೌದು. ಕರ್ನಾಟಕದ ಗರಿಷ್ಠ ಬೇಡಿಕೆ ಸಂಜೆ ಬರುವುದಿಲ್ಲ. ಪಂಪ್‌ಸೆಟ್‌ಗಳಿಗೆ ಹಗಲು ವಿದ್ಯುತ್ ಕೊಡತೊಡಗಿದ ಮೇಲೆ ರಾಜ್ಯದ ಗರಿಷ್ಠ ಬಳಕೆ ಹಗಲಿಗೇ ಸರಿದಿದೆ. 2024ರ ಮಾರ್ಚ್‌ನಲ್ಲಿ ಅದು 17 ಸಾವಿರ ಮೆಗಾವಾಟ್ ದಾಟಿತು. ಹೀಗಿರುವಾಗ ಇನ್ನಷ್ಟು ಹೊರೆಯನ್ನು ಮಧ್ಯಾಹ್ನಕ್ಕೆ ತಳ್ಳುವುದು ಜಾಣತನವೇ? ಉತ್ತರ ಇರುವುದು ಒಟ್ಟು ಬೇಡಿಕೆಯಲ್ಲಲ್ಲ, ಸೌರ ವಿದ್ಯುತ್ತನ್ನು ಕಳೆದ ಮೇಲೆ ಉಳಿಯುವ ಬೇಡಿಕೆಯಲ್ಲಿ. ಹಗಲು ಬೇಡಿಕೆ ಏರಿದರೆ ಅದರೊಂದಿಗೆ ಸೂರ್ಯನೂ ಏರಿರುತ್ತಾನೆ. ಸಂಜೆ ಬೇಡಿಕೆ ತುಸು ಇಳಿದರೂ ಸೌರ ಉತ್ಪಾದನೆ ಸೊನ್ನೆಗೆ ಬೀಳುವುದರಿಂದ ಕಲ್ಲಿದ್ದಲು ಮತ್ತು ಜಲ ವಿದ್ಯುತ್ತಿನ ಮೇಲೆ ಒತ್ತಡ ಬೀಳುವುದು ಆಗಲೇ. 2023ರ ಬರದಲ್ಲಿ ಜಲಾಶಯಗಳು ಒಣಗಿದಾಗ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಚಲಾಯಿಸಿ ರಾಜ್ಯದ ಖಾಸಗಿ ಉತ್ಪಾದಕರು ಹೊರಗೆ ಮಾರದಂತೆ ತಡೆಯಬೇಕಾಯಿತು. ಉತ್ತರ ಪ್ರದೇಶ, ಪಂಜಾಬಿನಿಂದ ವಿನಿಮಯದ ಮೇಲೆ ವಿದ್ಯುತ್ ಪಡೆಯಬೇಕಾಯಿತು. ಅಂಥ ವರ್ಷದಲ್ಲಿ ಸಂಜೆಯ ಪ್ರತಿ ಮೆಗಾವಾಟ್ ಉಳಿತಾಯವೂ ಜಲಾಶಯದಲ್ಲಿ ಉಳಿದ ನೀರಿಗೆ ಸಮ. ಮಧ್ಯಾಹ್ನದ ಬಿಸಿಗಾಳಿಯಲ್ಲಿ ಚಿಲ್ಲರ್ ತುಸು ಕಡಿಮೆ ದಕ್ಷತೆಯಿಂದ ಓಡುತ್ತದೆ ಎಂಬ ಎಂಜಿನಿಯರುಗಳ ತಕರಾರು ಕೂಡ ಸರಿಯೇ. ರಾತ್ರಿ ಮಾಡಿದ ತಂಪು ಅಗ್ಗ. ಆ ನಷ್ಟ ಪಂಪ್ಡ್ ಸ್ಟೋರೇಜಿನಲ್ಲಿ ಕೈಬಿಡುವ ಶೇ 20–25ರಷ್ಟು ಆಗಲಾರದು ಎಂಬುದಷ್ಟೇ ನನ್ನ ಉತ್ತರ.

ಆದರೆ ಟ್ಯಾಂಕಿನ ಮಾತು ಎರಡನೆಯದು. ಬಿಸಿಲಿಗೆ ಬಾಗಿಲು ತೆರೆದಿಟ್ಟು ಒಳಗೆ ಹತ್ತು ಲಕ್ಷ ಲೀಟರ್ ತಣ್ಣೀರು ಕೂಡಿಡುವುದು ಬುದ್ಧಿವಂತಿಕೆಯಲ್ಲ. ಮೊದಲು ಬೇಡಿಕೆ ಇಳಿಯಬೇಕು, ಅದಕ್ಕೆ ಉದಾಹರಣೆಗಳು ಬೆಂಗಳೂರಿನಲ್ಲೇ ಇವೆ. ದೊಮ್ಮಲೂರಿನಲ್ಲಿ ಟೆರಿ ಸಂಸ್ಥೆಯ ಕಟ್ಟಡವನ್ನು ವಾಸ್ತುಶಿಲ್ಪಿ ಸಂಜಯ್ ಮೋಹೆ ವಿನ್ಯಾಸ ಮಾಡಿದ್ದಾರೆ. ದಕ್ಷಿಣಕ್ಕೆ ಗಬ್ಬುನಾತದ ಚರಂಡಿ, ಆ ಕಡೆ ಕಿಟಕಿ ಇಡುವಂತಿಲ್ಲ. ಅವರು ಆ ದಕ್ಷಿಣದ ಗೋಡೆಗೆ ಕಪ್ಪು ಕಡಪ ಕಲ್ಲು ಹೊದಿಸಿದರು. ಬಿಸಿಲಿಗೆ ಕಲ್ಲು ಕಾಯುತ್ತದೆ, ಅದರ ಹಿಂದಿನ ಟೊಳ್ಳಿನಲ್ಲಿ ಗಾಳಿ ಬಿಸಿಯಾಗಿ ಮೇಲೇರಿ ಹೊರಹೋಗುತ್ತದೆ, ಆ ಖಾಲಿ ತುಂಬಲು ಉತ್ತರದ ಕಡೆಯಿಂದ ತಣ್ಣನೆಯ ಗಾಳಿ ಕಟ್ಟಡದೊಳಗೆ ಹರಿದುಬರುತ್ತದೆ. ಬಿಸಿಲೇ ಫ್ಯಾನು ತಿರುಗಿಸಿದ ಹಾಗೆ! ಹಸಿರು ಇಂಧನವೆಂದರೆ ಫಲಕ, ತಂತಿ, ಇನ್ವರ್ಟರ್ ಮಾತ್ರ ಎಂದುಕೊಂಡವರು ಒಮ್ಮೆ ಈ ಗೋಡೆಯನ್ನು ನೋಡಬೇಕು. ಹಾಗೆಂದು ಹಳೆಯದನ್ನೆಲ್ಲ ಕೊಂಡಾಡುವ ಗುಂಪಿಗೆ ನಾನು ಸೇರಿದವನಲ್ಲ. 1882ರಲ್ಲಿ ಆಂಗ್ಲೋ ಇಂಡಿಯನ್ನರ ನೆಲೆಯಾಗಿ ಹುಟ್ಟಿದ ವೈಟ್‌ಫೀಲ್ಡ್‌ನ ಹೆಂಚಿನ ಬಂಗಲೆಗಳು ತಂಪಾಗಿದ್ದವು, ಖಂಡಿತ. ಆದರೆ ಅವುಗಳಲ್ಲಿ ಐದು ಸಾವಿರ ಜನರನ್ನೂ ಅಷ್ಟೇ ಕಂಪ್ಯೂಟರುಗಳನ್ನೂ ಕೂರಿಸಲಾಗದು. ದೊಡ್ಡ ಕಚೇರಿಗೆ ಯಂತ್ರದ ತಂಪು ಬೇಕು. ಎಷ್ಟು, ಯಾವ ಬಗೆಯದು ಎಂಬುದಷ್ಟೇ ವಾದ.

ಬಗೆಯ ವಿಷಯದಲ್ಲಿ ದೊಡ್ಡ ಪ್ರಯೋಗವೊಂದನ್ನು ಮಾಡಿದ್ದು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಮುಖ್ಯ ಕಚೇರಿ ಇರುವ ಇನ್ಫೊಸಿಸ್. ಹೈದರಾಬಾದ್ ಬಳಿಯ ಪೋಚಾರಂ ಕ್ಯಾಂಪಸ್ಸಿನಲ್ಲಿ ಒಂದೇ ಕಟ್ಟಡವನ್ನು ಎರಡು ಸಮಭಾಗ ಮಾಡಿ, ಒಂದರಲ್ಲಿ ತಣ್ಣನೆಯ ಗಾಳಿ ಊದುವ ಮಾಮೂಲಿ ವ್ಯವಸ್ಥೆ, ಇನ್ನೊಂದರಲ್ಲಿ ಕಾಂಕ್ರೀಟ್ ಛಾವಣಿಯೊಳಗೆ ಪೈಪು ಹುದುಗಿಸಿ ತಣ್ಣೀರು ಹರಿಸುವ ವ್ಯವಸ್ಥೆ ಅಳವಡಿಸಿದರು. ಎರಡಕ್ಕೂ ಅದೇ ಗಾಜು, ಅದೇ ನೆರಳು, ಅದೇ ಬಗೆಯ ಕೆಲಸ. ಛಾವಣಿಯ ತಂಪು ಶೇ 34ರಷ್ಟು ಕಡಿಮೆ ವಿದ್ಯುತ್ತಿನಲ್ಲಿ ನಡೆಯಿತು. ಕಟ್ಟುವ ಖರ್ಚೂ ಹೆಚ್ಚಾಗಲಿಲ್ಲ. ಫಲಿತಾಂಶವನ್ನು 2014ರಲ್ಲಿ ತಾಂತ್ರಿಕ ಪತ್ರಿಕೆಯಲ್ಲಿ ಪ್ರಕಟಿಸಿದರು. ಈ ವಿಧಾನಕ್ಕೆ ಏಳು ಡಿಗ್ರಿಯ ನೀರೂ ಬೇಕಿಲ್ಲ, ಹದಿನಾಲ್ಕು ಹದಿನೈದು ಡಿಗ್ರಿ ಸಾಕು. ಮೇಲಾಗಿ ದಪ್ಪ ಕಾಂಕ್ರೀಟೇ ಒಂದು ಸಂಗ್ರಹಾಗಾರ. ಮಧ್ಯಾಹ್ನ ತಣ್ಣಗಾದ ಛಾವಣಿ ಸಂಜೆ ಒಂದಿಷ್ಟು ಹೊತ್ತು ತಾನಾಗಿ ತಂಪು ಕೊಡುತ್ತದೆ. ಹಳೆಯ ಕಟ್ಟಡಕ್ಕೆ ಇದು ಒಗ್ಗುವುದಿಲ್ಲ ಎಂಬುದು ನಿಜ, ಛಾವಣಿ ಒಡೆದು ಪೈಪು ಹಾಕಲಾಗದು. ಅವಕ್ಕೆ ಬೇರೆ ಮದ್ದಿದೆ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದ ತಂಡ ದೇಶದ ಹಲವು ಊರುಗಳ ಕಚೇರಿ ನೌಕರರನ್ನೇ ಕೇಳಿ, ನಮ್ಮವರಿಗೆ ಹಿತವೆನಿಸುವ ಉಷ್ಣಾಂಶ ಪಾಶ್ಚಾತ್ಯ ಮಾನದಂಡ ಹೇಳುವುದಕ್ಕಿಂತ ಹೆಚ್ಚೆಂದು ತೋರಿಸಿತು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಗೆ ಅದು ಸೇರಿದೆ. ಥರ್ಮೋಸ್ಟಾಟನ್ನು ಒಂದು ಡಿಗ್ರಿ ಏರಿಸಿದರೆ ಶೇ 6ರಷ್ಟು ವಿದ್ಯುತ್ ಉಳಿಯುತ್ತದೆಂದು ಇಂಧನ ದಕ್ಷತಾ ಬ್ಯೂರೊ ಹೇಳುತ್ತ ಬಂದಿದೆ. ಏಪ್ರಿಲ್‌ನ ಬೆಂಗಳೂರಿನಲ್ಲಿ ಕುರ್ಚಿಯ ಬೆನ್ನಿಗೆ ಸ್ವೆಟರ್ ನೇತುಹಾಕಿಕೊಂಡು ಕೆಲಸ ಮಾಡುವ ಸಾವಿರಾರು ಜನರಿಗೆ ಇದನ್ನು ಅಂಕಿಅಂಶದಿಂದ ಮನವರಿಕೆ ಮಾಡಬೇಕಿಲ್ಲ. 26 ಡಿಗ್ರಿ ಮತ್ತು ಒಂದು ಸೀಲಿಂಗ್ ಫ್ಯಾನ್. ಪಶ್ಚಿಮದ ಗಾಜಿಗೆ ಹೊರಗಿನಿಂದ ಒಂದು ಜಾಲರಿ. ಇಷ್ಟಕ್ಕೆ ಯಾವ ಪ್ರಮಾಣಪತ್ರವೂ ಬೇಡ.

ತಂಪಿನ ಇನ್ನೊಂದು ಮುಖ ಬಿಸಿ. ಅದನ್ನು ನಾವು ತಾರಸಿಯಿಂದ ಎಸೆಯುತ್ತಿದ್ದೇವೆ. ಬೆಂಗಳೂರಿನ ಕಚೇರಿಗಳಿಗೆ ಚಳಿಗಾಲದ ಹೀಟರ್ ಬೇಕಿಲ್ಲ, ಆದರೆ ಈ ಭಾಗದ ಹೋಟೆಲು, ಆಸ್ಪತ್ರೆ, ಕ್ಯಾಂಟೀನು, ಪಿ.ಜಿ.ಗಳಿಗೆ ದಿನವೂ ಬಿಸಿನೀರು ಬೇಕು. ಸೋಲಾರ್ ವಾಟರ್ ಹೀಟರ್‌ನಲ್ಲಿ ಬೆಂಗಳೂರು ದೇಶಕ್ಕೇ ಮುಂದೆ. ಹೊಸ ಮನೆಗಳಿಗೆ ಅದನ್ನು ಕಡ್ಡಾಯ ಮಾಡಿ, ಬಿಲ್ಲಿನಲ್ಲಿ ಯೂನಿಟ್‌ಗೆ 50 ಪೈಸೆಯಂತೆ ತಿಂಗಳಿಗೆ 50 ರೂಪಾಯಿವರೆಗೆ ರಿಯಾಯಿತಿ ಕೊಟ್ಟ ಸಣ್ಣ ಉಪಾಯ ಲಕ್ಷಾಂತರ ಮನೆಗಳ ತಾರಸಿಯನ್ನು ಬದಲಿಸಿತು. ಹತ್ತು ಹನ್ನೆರಡು ಮಹಡಿಯ ಹೋಟೆಲಿಗೆ ಮಾತ್ರ ತಾರಸಿಯ ಜಾಗ ಸಾಲದು. ಅಲ್ಲಿ ಡೀಸೆಲ್ ಅಥವಾ ಗ್ಯಾಸ್ ಬಾಯ್ಲರ್ ಉರಿಯುತ್ತದೆ. ಅದೇ ಹೋಟೆಲಿನ 200 ಟನ್ ಚಿಲ್ಲರ್ ಒಂದು ಗಂಟೆಯಲ್ಲಿ ಕೂಲಿಂಗ್ ಟವರ್ ಮೂಲಕ ಹೊರಹಾಕುವ ಶಾಖ 800 ಯೂನಿಟ್ ಮೀರುತ್ತದೆ. 20 ಸಾವಿರ ಲೀಟರ್ ನೀರನ್ನು 30 ಡಿಗ್ರಿ ಬಿಸಿ ಮಾಡಲು ಬೇಕಾದದ್ದು ಸುಮಾರು 700 ಯೂನಿಟ್. ಮೇಲೆ ಬಿಸಿ ಎಸೆದು ಕೆಳಗೆ ಡೀಸೆಲ್ ಉರಿಸುವುದು, ಹಿತ್ತಲ ಬಾವಿಗೆ ಮುಚ್ಚಳ ಹಾಕಿ ಟ್ಯಾಂಕರ್ ಕರೆಸಿದಂತೆ. ಚಿಲ್ಲರ್ ಬಿಡುವ ನೀರು 35–37 ಡಿಗ್ರಿಯಷ್ಟೇ ಬೆಚ್ಚಗಿರುವುದರಿಂದ ನೇರ ಸ್ನಾನಕ್ಕೆ ಆಗದು, ನಡುವೆ ಒಂದು ಹೀಟ್ ಪಂಪ್ ಬೇಕು. ಆ ಪಂಪಿಗೆ ಬೇಕಾದ ವಿದ್ಯುತ್ತು ಸಾಧಾರಣ ಗೀಸರ್ ಬಳಸುವುದರ ಮೂರನೇ ಒಂದು ಭಾಗದ ಆಸುಪಾಸು.

ಬಿಸಿಯ ಜೊತೆಗೆ ಎಸೆಯುತ್ತಿರುವುದು ನೀರನ್ನು ಕೂಡ. ಸಾವಿರ ಟನ್‌ನ ಚಿಲ್ಲರ್ ಘಟಕ ಹತ್ತು ಗಂಟೆ ಪೂರ್ಣ ಹೊರೆಯಲ್ಲಿ ಓಡಿದರೆ ಕೂಲಿಂಗ್ ಟವರ್‌ನಿಂದ 65 ಸಾವಿರ ಲೀಟರಿನಷ್ಟು ನೀರು ಆವಿಯಾಗುತ್ತದೆ. ಟವರ್‌ನಲ್ಲಿ ಲವಣ ಹೆಚ್ಚದಂತೆ ಹೊರಬಿಡುವ ನೀರು ಸೇರಿಸಿದರೆ 12 ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ದಿನಕ್ಕೆ ಆರೇಳು ಟ್ಯಾಂಕರ್. 2024ರ ಬೇಸಿಗೆಯಲ್ಲಿ ವೈಟ್‌ಫೀಲ್ಡ್ ಸುತ್ತಮುತ್ತ ಬೋರ್‌ವೆಲ್ ಬತ್ತಿ ಜನ ಟ್ಯಾಂಕರ್ ಹಿಂದೆ ಓಡಿದ್ದನ್ನು ನೆನೆದರೆ ಈ ಸಂಖ್ಯೆ ಚಿಕ್ಕದೆನಿಸದು. ಆ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಚಾಲನೆಗೊಂಡಿತು, ಸರಿ. ಆದರೆ ಸುಮಾರು ನೂರು ಕಿಲೊಮೀಟರ್ ದೂರದಿಂದ ಎತ್ತರಕ್ಕೆ ಪಂಪ್ ಮಾಡಿ ತಂದ ಕಾವೇರಿಯನ್ನು ಆವಿಯಾಗಿಸಿ ತಂಪು ಮಾಡುವುದು ಯಾವ ಹಸಿರು? ಇದೇ ಭಾಗದ ಅಪಾರ್ಟ್‌ಮೆಂಟ್‌ಗಳ ಕೊಳಚೆ ನೀರಿನ ಘಟಕಗಳಲ್ಲಿ (ಎಸ್‌ಟಿಪಿ) ಶುದ್ಧೀಕರಿಸಿದ ನೀರು ಬಳಕೆ ಮೀರಿ ಚರಂಡಿ ಸೇರುತ್ತಿದೆ. ಹೆಚ್ಚುವರಿಯ ಅರ್ಧ ಭಾಗವನ್ನು ಮಾರಲು ಸರ್ಕಾರ 2024ರಲ್ಲೇ ಅನುಮತಿಸಿದೆ. ಕೊಳ್ಳುವವರು ಪಕ್ಕದ ರಸ್ತೆಯಲ್ಲೇ ಇದ್ದಾರೆ.

ಹಣದ ಆಕ್ಷೇಪಕ್ಕೆ ಬರೋಣ. ಟ್ಯಾಂಕು ಕಟ್ಟಲು ನೆಲಮಾಳಿಗೆಯ ಜಾಗ ಬೇಕು, ಅಲ್ಲಿ ಕಾರು ನಿಲ್ಲಿಸಿದರೆ ಬಾಡಿಗೆ ಬರುತ್ತದೆ. ಬ್ಯಾಟರಿ ದಿನೇ ದಿನೇ ಅಗ್ಗವಾಗುತ್ತಿರುವಾಗ ಈ ರಗಳೆ ಏಕೆ ಎನ್ನುವವರಿದ್ದಾರೆ. ಬ್ಯಾಟರಿ ಹಾಕಿಕೊಳ್ಳಲಿ, ನನಗೆ ತಕರಾರಿಲ್ಲ. ಅದೂ ಹೊರೆಯನ್ನು ತನ್ನ ಆವರಣದಲ್ಲೇ ಹೊರುವ ಮಾರ್ಗವೇ. ಆದರೆ ಬ್ಯಾಟರಿಗೆ ಹತ್ತು ಹದಿನೈದು ವರ್ಷಕ್ಕೆ ಬದಲಿ ಬೇಕು, ಕಾಂಕ್ರೀಟ್ ಟ್ಯಾಂಕು ಕಟ್ಟಡದಷ್ಟೇ ಕಾಲ ಬಾಳುತ್ತದೆ. ನಿಜವಾದ ತೊಡಕು ತಂತ್ರಜ್ಞಾನದ್ದಾಗಲಿ ಬೆಲೆಯದ್ದಾಗಲಿ ಅಲ್ಲ. ಟೆಕ್ ಪಾರ್ಕ್‌ಗಳಲ್ಲಿ ಕಟ್ಟುವವನು ಒಬ್ಬ, ಕರೆಂಟು ಬಿಲ್ಲು ಕಟ್ಟುವವನು ಇನ್ನೊಬ್ಬ. ಟ್ಯಾಂಕಿಗೆ, ಹೊರಗಿನ ನೆರಳಿಗೆ, ಒಳ್ಳೆಯ ಚಿಲ್ಲರ್‌ಗೆ ದುಡ್ಡು ಹಾಕಬೇಕಾದವನು ಮಾಲೀಕ; ಉಳಿತಾಯ ಹೋಗುವುದು ಬಾಡಿಗೆದಾರ ಕಂಪನಿಗೆ. ಅನೇಕ ಕಡೆ ತಂಪಿನ ಖರ್ಚು ಚದರ ಅಡಿಗಿಷ್ಟು ಎಂದು ನಿರ್ವಹಣಾ ಶುಲ್ಕದೊಳಗೇ ಕರಗಿಹೋಗುತ್ತದೆ. ಯಾವ ಮಹಡಿ ಎಷ್ಟು ತಂಪು ಬಳಸಿತೆಂದು ಯಾರೂ ಅಳೆಯದಿದ್ದರೆ 22 ಡಿಗ್ರಿಯನ್ನು 26ಕ್ಕೆ ಏರಿಸುವ ಉಸಾಬರಿ ಯಾರಿಗೆ ಬೇಕು? ಫೆಸಿಲಿಟಿ ವಿಭಾಗದವನಿಗೆ ಬರುವ ದೂರು ‘ಸೆಕೆ’ ಎಂದೇ ಹೊರತು ‘ಬಿಲ್ಲು ಜಾಸ್ತಿ’ ಎಂದಲ್ಲ. ಪ್ರತಿ ಮಹಡಿಯ ತಣ್ಣೀರಿನ ಕೊಳವೆಗೆ ಬಳಸಿದ ತಂಪನ್ನು ಅಳೆಯುವ ಬಿಟಿಯು ಮೀಟರ್, ಉಳಿತಾಯದ ಪಾಲನ್ನು ಮಾಲೀಕನಿಗೂ ಹಂಚುವ ಒಂದು ಷರತ್ತು ಕರಾರುಪತ್ರದಲ್ಲಿ. ಈ ಎರಡು ಇಲ್ಲದೆ ಉಳಿದ ಎಂಜಿನಿಯರಿಂಗ್ ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಲಸಿದಂತೆ.

ಇನ್ನೊಂದು ಆಕ್ಷೇಪ ಎಸ್ಕಾಂಗಳದ್ದು, ಅದರ ಹಿಂದೆ ರೈತರದ್ದು. ವಾಣಿಜ್ಯ ಗ್ರಾಹಕರು ಕೊಡುವ ಹೆಚ್ಚಿನ ದರದಿಂದಲೇ ಇತರರ ರಿಯಾಯಿತಿಗೆ ಒಂದಿಷ್ಟು ಹಣ ಹುಟ್ಟುತ್ತದೆ; ದೊಡ್ಡ ಗ್ರಾಹಕರು ಖಾಸಗಿ ಸೌರ ವಿದ್ಯುತ್ತಿಗೆ ಜಾರಿಕೊಂಡಷ್ಟೂ ಹೊರೆ ಉಳಿದವರ ಮೇಲೆ. ಬೇಡಿಕೆ ಇಳಿಸುವ ಕ್ರಮಗಳಿಂದ ಬೆಂಗಳೂರಿನ ಎಸ್ಕಾಂ ಆದ ಬೆಸ್ಕಾಂನ ಆದಾಯ ಸ್ವಲ್ಪ ಕುಗ್ಗುತ್ತದೆ ಎಂಬುದನ್ನು ಒಪ್ಪಿಯೇ ಮಾತಾಡಬೇಕು. ಆದರೆ ತಂಪನ್ನು ಕೂಡಿಡುವ ಕಟ್ಟಡ ಗ್ರಿಡ್ ಬಿಟ್ಟು ಓಡುವುದಿಲ್ಲ. ಅದು ತನ್ನ ಬಳಕೆಯನ್ನು ಹೆಚ್ಚುವರಿ ಸೌರ ವಿದ್ಯುತ್ ಇರುವ ಹೊತ್ತಿಗೆ ಸರಿಸಿ, ಎಸ್ಕಾಂ ನಷ್ಟಕ್ಕೆ ಕೊಳ್ಳುವ ಹೊತ್ತಿನಲ್ಲಿ ಸುಮ್ಮನಿರುತ್ತದೆ. ಬ್ಯಾಂಕಿಂಗ್ ಜಗಳದಲ್ಲಿ ಎರಡೂ ಕಡೆಯವರು ಒಪ್ಪಬಹುದಾದ ಜಾಗ ಇದು.

ಒಪ್ಪಲು ದರಪಟ್ಟಿ ಬಿಡಬೇಕಷ್ಟೆ. ನಮ್ಮಲ್ಲಿ ಹೊತ್ತಿಗನುಗುಣ ದರ ಹೊಸದಲ್ಲ; ಬಹುಕಾಲ ಸಂಜೆ ಆರರಿಂದ ಹತ್ತರವರೆಗೆ ಹೆಚ್ಚುವರಿ, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ರಿಯಾಯಿತಿ ಎಂಬ ಪದ್ಧತಿ ನಡೆದುಬಂತು. ಅದು ಕಲ್ಲಿದ್ದಲು ಮತ್ತು ಜಲ ವಿದ್ಯುತ್ತಿನ ಕಾಲದ ಯೋಚನೆ. ರಾತ್ರಿ ಮಿಗುತ್ತಿದ್ದ ವಿದ್ಯುತ್ತನ್ನು ಖರ್ಚು ಮಾಡಿಸುವ ಉಪಾಯ. ಈಗ ಮಿಗುವುದು ಮಧ್ಯಾಹ್ನ. ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ ಗ್ರಾಹಕರ ಹಕ್ಕುಗಳ ನಿಯಮ ತಿದ್ದುಪಡಿ ಮಾಡಿ, ದಿನದ ಎಂಟು ‘ಸೌರ ಗಂಟೆ’ಗಳಲ್ಲಿ ದರ ಕನಿಷ್ಠ ಶೇ 20ರಷ್ಟು ಕಡಿಮೆ ಇರಬೇಕು, ಗರಿಷ್ಠ ಬೇಡಿಕೆಯ ಹೊತ್ತಿನಲ್ಲಿ ವಾಣಿಜ್ಯ ಹಾಗೂ ಕೈಗಾರಿಕಾ ಗ್ರಾಹಕರಿಗೆ ದರ ಕನಿಷ್ಠ 1.2 ಪಟ್ಟು ಇರಬೇಕು ಎಂದಿತು. ಸೌರ ಗಂಟೆಗೂ ಸಂಜೆಗೂ ನಡುವಿನ ಈ ಅಂತರ ಕರ್ನಾಟಕದ ದೊಡ್ಡ ಕಟ್ಟಡಗಳ ಬಿಲ್ಲಿನಲ್ಲಿ ಪೂರ್ತಿಯಾಗಿ ಕಾಣಿಸಿಕೊಂಡ ದಿನ, ಹತ್ತು ಲಕ್ಷ ಲೀಟರಿನ ಟ್ಯಾಂಕು ಎಷ್ಟು ವರ್ಷಕ್ಕೆ ಗಿಟ್ಟುತ್ತದೆಂದು ಟೆಕ್ ಪಾರ್ಕಿನ ಲೆಕ್ಕಿಗರೇ ಹೇಳುತ್ತಾರೆ. ದರ ಪರಿಷ್ಕರಣೆಗೆ ಮೊದಲು ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಕೈಗಾರಿಕಾ ಸಂಘಗಳು ಅಲ್ಲಿಗೆ ದರ ಇಳಿಸಿ ಎಂದು ಕೇಳಲು ತಪ್ಪದೆ ಹೋಗುತ್ತವೆ. ಮುಂದಿನ ಸಲ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕಟ್ಟಡ ಮಾಲೀಕರು ಸಂಜೆಯ ದರ ಏರಿಸಿ, ಮಧ್ಯಾಹ್ನದ್ದು ಇಳಿಸಿ, ಹೊಸ ಕಟ್ಟಡದ ನಕ್ಷೆ ಮಂಜೂರಾಗುವಾಗಲೇ ತಂಪು ಕೂಡಿಡುವ ಜಾಗ ತೋರಿಸುವುದನ್ನು ಕಡ್ಡಾಯ ಮಾಡಿ ಎಂದು ಕೇಳಲಿ. ಅದೇ ವಿಚಾರಣೆಗೆ ತಲಕಳಲೆ, ಗೇರುಸೊಪ್ಪ ಕಡೆಯವರನ್ನೂ ಕರೆಸಿ ಕೂರಿಸಬೇಕು. ಈ ದರಪಟ್ಟಿಯಲ್ಲಿ ಅವರದೂ ಪಾಲಿದೆ.